ಮಹಡಿಯ ಮೇಲೊಂದು ದಂಡು ಸ್ಟೇಷನ್

ಬೆಂಗಳೂರು ದಂಡು ಸ್ಟೇಷನ್ನಿನಿಂದ ಕೃಷ್ಣರಾಜಪುರಕ್ಕೆ ರೈಲುದಾರಿ ಸುಮಾರು 10 ಕಿಲೋಮೀಟರ್. ಮಾದರಿ ರೈಲು ಕಟ್ಟುವವರು ಪ್ರಪಂಚದಲ್ಲೆಲ್ಲ ಹೆಚ್ಚಾಗಿ ಹಿಡಿಯುವ ಅಳತೆ ‘ಎಚ್‌ಒ’, ಅಂದರೆ ಅಸಲಿನ 87ರಲ್ಲಿ ಒಂದು ಪಾಲು. ಆ ಅಳತೆಗೆ ಇಳಿಸಿದರೂ ಈ ದಾರಿ 115 ಮೀಟರ್ ಆಗುತ್ತದೆ. ಅದನ್ನು ಕಟ್ಟಬೇಕೆಂದಿರುವ, ಬೆನ್ಸನ್ ಟೌನಿನ ಒಂದು ಮನೆಯ ಮಹಡಿ ಕೋಣೆಯೋ 14 ಅಡಿ ಉದ್ದ, 10 ಅಡಿ ಅಗಲ. ನಾಲ್ಕೂ ಗೋಡೆಗೆ ಒತ್ತಿ ಹಳಿ ಹಾಸಿದರೆ ಸಿಗುವುದು ಹದಿನಾಲ್ಕೂವರೆ ಮೀಟರ್.

“ಹಾಗಾದರೆ ಎಂಟು ಸುತ್ತು ಹಾಕಿಬಿಡೋಣ ಮಾಮ,” ಎಂದಳು ತಂಗಿಯ ಮಗಳು.

“ಹಾಕಬಹುದು ಕಣೇ. ಆದರೆ ಆಮೇಲೆ ಅದು ರೈಲುದಾರಿ ಆಗಿರಲ್ಲ, ದಾರದ ಉಂಡೆ ಆಗಿರುತ್ತೆ.”

ಮಾಮ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಅವಳು ಆರ್ಕಿಟೆಕ್ಟ್, ನಕ್ಷೆ ಬಿಡಿಸುವುದು, ಲೇಸರಿನಲ್ಲಿ ರಟ್ಟು ಕತ್ತರಿಸುವುದು, ಕಿಟಕಿಯ ಚೌಕಟ್ಟನ್ನು ಥ್ರೀಡಿ ಪ್ರಿಂಟರಿನಲ್ಲಿ ತೆಗೆಯುವುದು ಅವಳ ದಿನದ ಕೆಲಸ. ಕಟ್ಟಬೇಕು ಎಂಬುದರಲ್ಲಿ ಇಬ್ಬರಿಗೂ ಎರಡು ಮಾತಿಲ್ಲ. ಯಾವ ದಾರಿ, ಯಾವ ವರ್ಷ ಎಂಬಲ್ಲಿಗೆ ಬಂದಾಗ ಇಬ್ಬರೂ ಬಿಟ್ಟುಕೊಡುವವರಲ್ಲ.

ಅವಳ ಮೊದಲ ಆಯ್ಕೆ ದಂಡು ಸ್ಟೇಷನ್ನೇ ಅಲ್ಲ, ನಂದಿ. ಯಲಹಂಕ, ದೇವನಹಳ್ಳಿ, ನಂದಿ ಹಾಲ್ಟ್, ಚಿಕ್ಕಬಳ್ಳಾಪುರ, ಕೋಲಾರ, ಬಂಗಾರಪೇಟೆ ಎಂದು ಸಾಗುತ್ತಿದ್ದ, 1910ರ ದಶಕದಲ್ಲಿ ಹಾಸಿದ ಪುಟ್ಟ ರೈಲಿನ ದಾರಿ ಅದು. ಎರಡು ಹಳಿಗಳ ನಡುವೆ ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್. “ಲೆಕ್ಕ ನೋಡಿ ಮಾಮ. 762ನ್ನು 87ರಿಂದ ಭಾಗಿಸಿದರೆ 8.76. ಅಂಗಡಿಯಲ್ಲಿ 9 ಮಿಲಿಮೀಟರ್ ಹಳಿ ತಯಾರಾಗಿ ಸಿಗುತ್ತೆ. ಯುರೋಪಿನವರು ತಮ್ಮ ಬೆಟ್ಟದ ರೈಲುಗಳಿಗೆ ಅದನ್ನೇ ಹಾಕುತ್ತಾರೆ. ಕಾಲು ಮಿಲಿಮೀಟರ್ ವ್ಯತ್ಯಾಸ ಯಾರ ಕಣ್ಣಿಗೆ ಬೀಳುತ್ತೆ? ಹಿಂದೆ ನಂದಿಬೆಟ್ಟ, ಮುಂದೆ ಒಂದು ಪುಟ್ಟ ಸ್ಟೇಷನ್. ಕೋಣೆಗೂ ಹೇಳಿ ಮಾಡಿಸಿದ ಹಾಗಿರುತ್ತೆ.”

ಅವಳ ಲೆಕ್ಕದಲ್ಲಿ ತಪ್ಪಿಲ್ಲ. ಆ ಪುಟ್ಟ ಹಳಿಗಳನ್ನು ಕಿತ್ತು ಎಷ್ಟೋ ವರ್ಷವಾಯಿತು. ಕೋಲಾರದಿಂದ ಚಿಕ್ಕಬಳ್ಳಾಪುರಕ್ಕೆ ಬ್ರಾಡ್‌ಗೇಜ್ ರೈಲು ಓಡತೊಡಗಿದ್ದು 2013ರಲ್ಲಿ. ಮಾದರಿಯಲ್ಲಾದರೂ ಆ ದಾರಿ ಉಳಿಯಲಿ ಎಂಬ ಆಸೆ ಸಣ್ಣದಲ್ಲ.

“ಚೆನ್ನಾಗಿರುತ್ತೆ, ಇಲ್ಲ ಅನ್ನಲ್ಲ,” ಎಂದರು ಮಾಮ. “ಆದರೆ ನನಗೆ ಒಳಗಿನಿಂದ ಗೊತ್ತಿರುವ ದಾರಿ ಈ ಕಡೆಯದು. ಬೆಂಗಳೂರಿಗೆ ರೈಲು ಮೊದಲು ಬಂದದ್ದು ಎಲ್ಲಿಗೆ? 1864ರ ಆಗಸ್ಟ್ 1ರಂದು, ಜೋಲಾರಪೇಟೆಯಿಂದ, ಇಲ್ಲೇ ನಮ್ಮ ಪಕ್ಕದ ದಂಡಿಗೆ. ಸಿಟಿ ಸ್ಟೇಷನ್ ಆಗ ಇರಲೇ ಇಲ್ಲ. ಮದ್ರಾಸ್ ರೈಲ್ವೆಯವರಿಗೆ ಬೇಕಿದ್ದದ್ದು ಪೇಟೆಯಲ್ಲ, ಸೇನೆ ಇದ್ದ ದಂಡು. ಸುಮಾರು 140 ಕಿಲೋಮೀಟರ್ ದಾರಿ, ನಾನೂರು ಮೀಟರ್ ಎತ್ತರದಿಂದ ಒಂಬೈನೂರು ದಾಟುವವರೆಗೆ ಏರು. ಈ ಊರಿನ ಪೂರ್ವಭಾಗ ಬೆಳೆದದ್ದೇ ಆ ಹಳಿಯ ಎರಡು ಮಗ್ಗುಲಲ್ಲಿ. ಬೆನ್ಸನ್ ಟೌನ್, ಪಾಟರಿ ಟೌನ್, ಫ್ರೇಜರ್ ಟೌನ್, ಕಾಕ್ಸ್ ಟೌನ್, ಯಾವುದನ್ನು ಹಿಡಿದರೂ ಒಂದು ಅಂಚಿನಲ್ಲಿ ರೈಲು ಸಿಗುತ್ತೆ.”

ದಾರಿ ಇತ್ಯರ್ಥವಾಯಿತು. ಗೇಜು, ಅಂದರೆ ಎರಡು ಹಳಿಗಳ ನಡುವಿನ ಅಗಲ, ಆಗಲಿಲ್ಲ.

ಭಾರತದಲ್ಲಿ ಮಾದರಿ ರೈಲು ಕಟ್ಟುವವರನ್ನೆಲ್ಲ ಕಾಡುವ ತೊಡಕು ಇದು, ಸ್ವಲ್ಪ ನಿಂತು ನೋಡಬೇಕಾದದ್ದು. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಯ ಅಗಲ 16.5 ಮಿಲಿಮೀಟರ್. ಅದನ್ನು 87ರಿಂದ ಗುಣಿಸಿದರೆ 1435 ಮಿಲಿಮೀಟರ್. ಯುರೋಪ್ ಮತ್ತು ಅಮೆರಿಕದ ಸ್ಟ್ಯಾಂಡರ್ಡ್ ಗೇಜ್, ನಮ್ಮ ಮೆಟ್ರೊದ ಗೇಜ್ ಕೂಡ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. 1:87ರಲ್ಲಿ ಅದು 19.3 ಮಿಲಿಮೀಟರ್ ಆಗಬೇಕು. ಆ ಹಳಿಯನ್ನು ಯಾರೂ ಮಾಡಿ ಮಾರುವುದಿಲ್ಲ. 16.5ರ ಹಳಿಯ ಮೇಲೆಯೇ ನಮ್ಮ ಎಂಜಿನ್ ನಿಲ್ಲಿಸಿದರೆ, ಎದುರಿನಿಂದ ನೋಡಿದಾಗ ಮೈ ದೊಡ್ಡದು, ಕಾಲು ಸಣ್ಣದು. ನಮ್ಮ ರೈಲಿನ ಗತ್ತೇ ಅದರ ಅಗಲ ನಿಲುವು. ಅದು ಹೋದರೆ ಬಣ್ಣ ಎಷ್ಟು ಸರಿಯಾಗಿ ಬಳಿದರೂ ಕಣ್ಣು ಒಪ್ಪುವುದಿಲ್ಲ.

“ಹಳಿಯನ್ನು ನಾನೇ ಕೈಯಲ್ಲಿ ಹಾಸುತ್ತೇನೆ, 19.3ಕ್ಕೆ,” ಎಂದರು ಮಾಮ.

“ಹಾಸಿದ ಮೇಲೆ ಒಂದೊಂದು ಎಂಜಿನ್ನಿನ, ಒಂದೊಂದು ಬೋಗಿಯ ಅಚ್ಚನ್ನೂ ಬದಲಾಯಿಸಬೇಕು. ಹಳಿ ಕವಲೊಡೆಯುವ ಪಾಯಿಂಟುಗಳನ್ನೂ ನೀವೇ ಮಾಡಬೇಕು. ದಂಡಿನಲ್ಲಿ ಪಾಯಿಂಟುಗಳು ಎಷ್ಟಿವೆ ಗೊತ್ತಲ್ಲ?” ಅವಳು ಕಾಗದ ಎಳೆದುಕೊಂಡಳು. “ತಿರುವುಮುರುವು ಮಾಡಿ ನೋಡೋಣ. ಹಳಿ 16.5 ಇರಲಿ, ಅಳತೆಯನ್ನೇ ಬದಲಾಯಿಸೋಣ. 1676ನ್ನು 16.5ರಿಂದ ಭಾಗಿಸಿದರೆ 101.6. ಅಂದರೆ ಹೆಚ್ಚುಕಡಿಮೆ 1:100. ಮಾಮ, ನಾನು ದಿನಾ ಕೆಲಸ ಮಾಡೋದೇ 1:100ರಲ್ಲಿ! ಕಟ್ಟಡದ ಮಾದರಿಗೆ ಹಾಕುವ ಮನುಷ್ಯರು, ಕಾರು, ಮರ ಎಲ್ಲ ಆ ಅಳತೆಯಲ್ಲಿ ಸಿಗುತ್ತೆ.”

ಮಾಮ ಪೆನ್ಸಿಲ್ ತೆಗೆದುಕೊಂಡು ತಾವೂ ಲೆಕ್ಕ ಹಾಕಿದರು. ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ನಿನ ಚಕ್ರದ ವ್ಯಾಸ 1092 ಮಿಲಿಮೀಟರ್. 1:100ರಲ್ಲಿ ಸುಮಾರು 11. ಎಚ್‌ಒ ಡೀಸೆಲ್ ಎಂಜಿನ್ನುಗಳ ಚಕ್ರ ಹನ್ನೊಂದೂವರೆಯ ಆಸುಪಾಸು. ಹಾಗಾಗಿ ಮೋಟರು, ಗೇರು, ಚಕ್ರ ಇರುವ ಅಡಿಭಾಗವನ್ನು ತಯಾರಾದದ್ದೇ ಕೊಂಡು, ಮೇಲಿನ ಹೊದಿಕೆಯನ್ನು ಮನೆಯಲ್ಲೇ ಪ್ರಿಂಟ್ ಮಾಡಬಹುದು. ಐಸಿಎಫ್ ಮಾದರಿಯ ಪ್ರಯಾಣಿಕರ ಬೋಗಿ 22.3 ಮೀಟರ್, ಇಲ್ಲಿ 22.3 ಸೆಂಟಿಮೀಟರ್. ಪರಿವರ್ತನೆಗೆ ಕ್ಯಾಲ್ಕ್ಯುಲೇಟರೇ ಬೇಡ. ಈ ಅಳತೆಯಲ್ಲಿ ಅಂಗಡಿಯ ಬೋಗಿ ಒಂದೂ ಕೂಡುವುದಿಲ್ಲ, ಎಲ್ಲವನ್ನೂ ಮಾಡಿಕೊಳ್ಳಬೇಕು ಎಂಬುದು ನಿಜ. ಆದರೆ ಬೆಂಗಳೂರಿನ ಬೋಗಿಗಳನ್ನು ಯಾವ ಅಳತೆಯಲ್ಲಾದರೂ ಬಹುಪಾಲು ಮಾಡಿಕೊಳ್ಳಲೇಬೇಕಲ್ಲ. ಆ ಸಂಜೆ ಗೆದ್ದವಳು ಅವಳು.

“ಈಗ ಬಿಡುವ ಕೆಲಸ,” ಎಂದರು ಮಾಮ. “24 ಬೋಗಿಯ ಗಾಡಿ ಐದೂಕಾಲು ಮೀಟರ್ ದಾಟುತ್ತೆ. ನಮ್ಮ ಗೋಡೆ ನಾಲ್ಕೂಕಾಲು. ಎಂಟು ಬೋಗಿ, ಒಂದು ಎಂಜಿನ್, ಎರಡು ಮೀಟರ್ ಒಳಗೆ ಬರುತ್ತೆ. ಪ್ಲಾಟ್‌ಫಾರ್ಮ್ ಅದಕ್ಕೆ ತಕ್ಕ ಹಾಗೆ. ತಿರುವು ಇನ್ನೂ ಕಷ್ಟ. ನಮ್ಮಲ್ಲಿ ತಿರುವನ್ನು ಡಿಗ್ರಿಯಲ್ಲಿ ಹೇಳುತ್ತೇವೆ. 1750ನ್ನು ತ್ರಿಜ್ಯದ ಮೀಟರಿನಿಂದ ಭಾಗಿಸಿದರೆ ಡಿಗ್ರಿ. ಬ್ರಾಡ್‌ಗೇಜಿನಲ್ಲಿ ಹತ್ತು ಡಿಗ್ರಿಗಿಂತ ಬಿಗಿಯಾಗುವ ಹಾಗಿಲ್ಲ, ಅಂದರೆ 175 ಮೀಟರ್ ತ್ರಿಜ್ಯ. ಈ ಅಳತೆಯಲ್ಲಿ ಒಂದು ಮುಕ್ಕಾಲು ಮೀಟರ್. ಕೋಣೆಯ ಮೂಲೆಯಲ್ಲಿ ನನಗೆ ಸಿಗೋದು 75 ಸೆಂಟಿಮೀಟರ್. ಹಾಗಾಗಿ ಮೂಲೆಗಳನ್ನು ಕಣ್ಣಿಗೆ ಬೀಳದ ಹಾಗೆ ಮುಚ್ಚಬೇಕು.”

“ಮೇಲುಸೇತುವೆ, ಮರ, ಮನೆ. ಈ ದಾರಿಯಲ್ಲಿ ಅವಕ್ಕೇನು ಬರ!”

ನಾಲ್ಕು ಜಾಗ ಉಳಿಸಿಕೊಂಡರು: ದಂಡು, ಬೆಂಗಳೂರು ಈಸ್ಟ್, ಬೈಯಪ್ಪನಹಳ್ಳಿ, ಕೃಷ್ಣರಾಜಪುರ. ಆಮೇಲೆ ಬೈಯಪ್ಪನಹಳ್ಳಿಯೂ ಬಿದ್ದುಹೋಯಿತು. ಸ್ಥಳ ಕಡಿಮೆ ಇದ್ದಾಗ ನಾಲ್ಕನ್ನು ತುರುಕುವುದಕ್ಕಿಂತ ಮೂರಕ್ಕೆ ಉಸಿರಾಡಲು ಜಾಗ ಬಿಡುವುದು ಲೇಸು ಎಂಬುದು ಮಾಮನ ವಾದ, ಅದು ಸರಿಯಾದ ವಾದ. ಎರಡು ಸ್ಟೇಷನ್ನುಗಳ ನಡುವೆ ಗಾಡಿಯ ಉದ್ದಕ್ಕಿಂತ ಹೆಚ್ಚು ಖಾಲಿ ದಾರಿ ಇರಬೇಕು. ಇಲ್ಲದಿದ್ದರೆ ಎಂಜಿನ್ ಈಸ್ಟ್ ತಲುಪಿದಾಗ ಕೊನೆಯ ಬೋಗಿ ಇನ್ನೂ ದಂಡಿನಲ್ಲೇ ಇರುತ್ತದೆ, ಪ್ರಯಾಣ ಎಂಬುದೇ ನಡೆದಿರುವುದಿಲ್ಲ.

ನಿಜವಾದ ಜಗಳ ವರ್ಷದ್ದು.

“ಎಂಬತ್ತರ ದಶಕದ ನಡುವಿನದು,” ಎಂದರು ಮಾಮ. “ತಲೆಯ ಮೇಲೆ ವಿದ್ಯುತ್ ತಂತಿ ಇಲ್ಲ, ಕಂಬ ಇಲ್ಲ. ಮೇಲೆ ಬರೀ ಆಕಾಶ. ಡೀಸೆಲ್ ಎಂಜಿನ್, ಇಟ್ಟಿಗೆ ಬಣ್ಣದ ಬೋಗಿ. ಬೃಂದಾವನ್ ಎಕ್ಸ್‌ಪ್ರೆಸ್, ಮದ್ರಾಸ್ ಮೇಲ್, ಐಲೆಂಡ್ ಎಕ್ಸ್‌ಪ್ರೆಸ್.”

“ಕೆ.ಆರ್. ಪುರದ ತೂಗುಸೇತುವೆ?”

“2003ರದ್ದು. ಬರೋಲ್ಲ.”

“ಮಾಮ, ತೂಗುಸೇತುವೆ ಇಲ್ಲದ ಕೆ.ಆರ್. ಪುರವನ್ನು ಯಾರು ಗುರುತಿಸುತ್ತಾರೆ? ಹಳಿಯ ಮೇಲೆ 230 ಮೀಟರ್ ಉದ್ದಕ್ಕೆ ತಂತಿಯಲ್ಲಿ ನಿಂತ ಸೇತುವೆ. ನಾನು ಚಿಕ್ಕವಳಿದ್ದಾಗಿಂದ ನೋಡಿರೋದು ಅದನ್ನೇ. ಪಕ್ಕದಲ್ಲಿ ಮೆಟ್ರೊ. ಈಚೆಗೆ ವಿಶ್ವೇಶ್ವರಯ್ಯ ಟರ್ಮಿನಲ್. ಅದೆಲ್ಲ ಬಿಟ್ಟರೆ ನನ್ನ ಪಾಲಿನ ಬೆಂಗಳೂರೇ ಇಲ್ಲ ಅದರಲ್ಲಿ.”

“ಎರಡನ್ನೂ ಹಾಕಿದರೆ ಯಾರ ಬೆಂಗಳೂರೂ ಅಲ್ಲ. 2003ರ ಸೇತುವೆಯ ಕೆಳಗೆ ಇಟ್ಟಿಗೆ ಬಣ್ಣದ ಬೋಗಿ, ಬೋಗಿಯ ಮೇಲೆ ದಕ್ಷಿಣ ರೈಲ್ವೆಯ ಎಸ್‌ಆರ್ ಅಕ್ಷರ. ನೈಋತ್ಯ ರೈಲ್ವೆ ಶುರುವಾದದ್ದೇ 2003ರ ಏಪ್ರಿಲಿನಲ್ಲಿ. ತಿಳಿದವರು ಬೋಗಿಯ ಬದಿಯ ಅಕ್ಷರ ನೋಡಿಯೇ ಸುಳ್ಳು ಹಿಡಿಯುತ್ತಾರೆ.”

ಈ ಹವ್ಯಾಸದ ತಿರುಳು ಇಲ್ಲಿದೆ. ಬರೀ ಆಟದ ರೈಲಿಗೆ ವರ್ಷವೆಂಬುದಿಲ್ಲ. ನಿಜವಾದ ದಾರಿಯನ್ನು ಕಟ್ಟಲು ಹೊರಟ ಕೂಡಲೇ ಒಂದು ದಿನಾಂಕಕ್ಕೆ ಕಟ್ಟುಬೀಳಬೇಕು, ಬಿದ್ದ ಮೇಲೆ ಹಳಿಯ ಕೆಳಗಿನ ಸ್ಲೀಪರಿನಿಂದ ಸಿಗ್ನಲ್ಲಿನವರೆಗೆ ಎಲ್ಲವೂ ಅದಕ್ಕೆ ಸಾಕ್ಷಿ ಹೇಳಬೇಕು. ಇಂಗ್ಲೆಂಡಿನ ಲಾಂಗ್ ವಿಟೆನ್‌ಹ್ಯಾಮ್ ಎಂಬ ಹಳ್ಳಿಯಲ್ಲಿ ಪೆಂಡನ್ ಎಂಬ ಸಂಗ್ರಹಾಲಯವಿದೆ. ಆಸ್ಟ್ರೇಲಿಯಾದಿಂದ 1925ರಲ್ಲಿ ಬಂದ ರಾಯ್ ಇಂಗ್ಲೆಂಡ್ ಎಂಬವರು, ಕಣ್ಣೆದುರೇ ಹಳ್ಳಿಮನೆಗಳು ಬದಲಾಗುವುದನ್ನು ಕಂಡು, ಅವನ್ನು ಅಳೆದು ಬರೆದುಕೊಂಡು ಮಾದರಿಗೆ ಇಳಿಸಲು ಹೊರಟರು. ಅಲ್ಲಿನ ಮುಖ್ಯ ದೃಶ್ಯದಲ್ಲಿ ಇಂದಿಗೂ 1930ರ ಆಸುಪಾಸಿನ ಕಾಲ. ಮನೆಯ ಹುಲ್ಲುಮಾಡು, ಹಿತ್ತಲಿನ ತರಕಾರಿ ಮಡಿ ಸಹ ಆ ಕಾಲದ್ದೇ. ಪುಣೆಯ ಕೋಥ್ರುಡ್‌ನಲ್ಲಿ 1998ರಿಂದ ನಡೆಯುತ್ತಿರುವ ಜೋಶಿಯವರ ಪುಟಾಣಿ ರೈಲು ಸಂಗ್ರಹಾಲಯ ಇನ್ನೊಂದು ದಾರಿಯದು. ಅಲ್ಲಿ ಬಗೆಬಗೆಯ ರೈಲುಗಳು ಒಂದೇ ಊರಿನಲ್ಲಿ ಓಡಿ ಮಕ್ಕಳನ್ನು ಕುಣಿಸುತ್ತವೆ. ಎರಡೂ ಬೇಕು. ಆದರೆ ಎರಡೂ ಒಂದೇ ಕೆಲಸವಲ್ಲ.

ಹಳೆಯದನ್ನು ಅಳೆದಿಡುವ ಆತುರ ಈಗ ಬೆಂಗಳೂರಿನಲ್ಲೂ ಇದೆ. ದಂಡು ಸ್ಟೇಷನ್ನಿನ ಮರುನಿರ್ಮಾಣಕ್ಕೆ 2022ರ ಜೂನ್‌ನಲ್ಲಿ ಅಡಿಗಲ್ಲು ಬಿತ್ತು. ಪಕ್ಕದ ರೈಲ್ವೆ ಕಾಲೊನಿಯ ಹಳೆಯ ಮರಗಳ ಭವಿಷ್ಯದ ಬಗ್ಗೆ ಊರಿನಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ದಂಡಿನಿಂದ ವೈಟ್‌ಫೀಲ್ಡಿನವರೆಗೆ ಎರಡಿದ್ದ ಹಳಿಯನ್ನು ನಾಲ್ಕು ಮಾಡುವ ಕೆಲಸವೂ ಸೇರಿದರೆ, ಮಾಮ ಕಂಡ ದಾರಿಯಲ್ಲಿ ಉಳಿಯುವುದು ಬಹಳ ಕಡಿಮೆ.

ಈಸ್ಟ್ ಸ್ಟೇಷನ್ನಿನ ಕಲ್ಲುಕಟ್ಟಡವನ್ನು ಅವಳು ಟೇಪ್ ಹಿಡಿಯದೆ ಅಳೆದ ರೀತಿ ಸೊಗಸು. ಒಂದು ಬಾಗಿಲಿನ ಎತ್ತರ ತಿಳಿದರೆ ಸಾಕು. ಆ ಎತ್ತರಕ್ಕೆ ಎಷ್ಟು ಸಾಲು ಕಲ್ಲು ಎಂದು ಎಣಿಸಿದರೆ ಒಂದು ಸಾಲಿನ ಅಳತೆ ಸಿಗುತ್ತದೆ. ಸಾಲು ಎಣಿಸುತ್ತ ಗೋಡೆಯ ಎತ್ತರ, ಕಿಟಕಿಯ ತಳ, ಸೂರಿನ ಮಟ್ಟ ಎಲ್ಲವೂ ಹೊರಬರುತ್ತವೆ. ರಟ್ಟಿನ ಮೇಲೆ ಆ ಸಾಲುಗಳನ್ನು ಗೀರಿ, ಒಂದೊಂದು ಕಲ್ಲಿಗೂ ಬೂದಿಯ ಬೇರೆಬೇರೆ ಛಾಯೆ ಕೊಟ್ಟಳು.

ಮಾಮನ ಗಮನವೆಲ್ಲ ನೆಲದ ಮೇಲೆ. ಅಂಗಡಿಯ ಹಳಿಯಲ್ಲಿ ಮರದ ಸ್ಲೀಪರಿನ ಅಚ್ಚು ಇರುತ್ತದೆ. ಈಗಿನ ದಾರಿಯಲ್ಲಿರುವುದು ಕಾಂಕ್ರೀಟಿನ ಸ್ಲೀಪರು. ಅವರ ಕಾಲದಲ್ಲಿ ನಮ್ಮ ಹಳಿಗಳ ಅಡಿಯಲ್ಲಿ ಎಲ್ಲೆಲ್ಲೂ ಕಾಣುತ್ತಿದ್ದದ್ದು ಸಿಎಸ್‌ಟಿ-9: ಒಂದೊಂದು ಹಳಿಯ ಕೆಳಗೆ ಒಂದೊಂದು ಎರಕದ ಕಬ್ಬಿಣದ ತಟ್ಟೆ, ಎರಡನ್ನೂ ಜೋಡಿಸುವ ಪಟ್ಟಿ. ಎದುರಿಗೆ ಕಾಣುವ ಲೂಪ್ ಲೈನಿನ ಒಂದಿಷ್ಟು ಉದ್ದಕ್ಕಾದರೂ ಅದನ್ನು ಮಾಡಲೇಬೇಕೆಂದು ಅವರು ಪಟ್ಟುಹಿಡಿದರು. ಅವಳು ತಟ್ಟೆಗಳನ್ನು ಪ್ರಿಂಟ್ ಮಾಡಿ ಕೊಟ್ಟಳು. ಅವರು ಚಿಮುಟದಲ್ಲಿ ಒಂದೊಂದನ್ನೇ ಕೂರಿಸಿದರು.

ಆಮೇಲೆ ಜಲ್ಲಿ. ಅಸಲಿನ ಜಲ್ಲಿಕಲ್ಲು 50 ಮಿಲಿಮೀಟರ್, ಇಲ್ಲಿ ಅರ್ಧ ಮಿಲಿಮೀಟರ್. ಎಂ-ಸ್ಯಾಂಡನ್ನು ಎರಡು ಜರಡಿಯಲ್ಲಿ ಹಿಡಿದು, ನಡುವೆ ಉಳಿದದ್ದನ್ನು ತೊಳೆದು ಒಣಗಿಸಿದರೆ ಆಯಿತು, ಅದೂ ಗ್ರಾನೈಟೇ. ಸ್ಲೀಪರುಗಳ ನಡುವೆ ಹರಡಿ, ಬ್ರಷ್ಷಿನಲ್ಲಿ ಮಟ್ಟ ಮಾಡಿ, ಒಂದು ತೊಟ್ಟು ಪಾತ್ರೆ ಸೋಪು ಹಾಕಿದ ನೀರನ್ನು ಮೊದಲು ಸಿಂಪಡಿಸಬೇಕು. ಆಮೇಲೆ ನೀರಾಗಿಸಿದ ಫೆವಿಕಾಲನ್ನು ಸಿರಿಂಜಿನಿಂದ ತೊಟ್ಟುತೊಟ್ಟಾಗಿ ಬಿಡಬೇಕು. ಸೋಪಿಲ್ಲದಿದ್ದರೆ ಅಂಟು ಮೇಲೆಯೇ ಮಣಿಯಾಗಿ ನಿಂತು ಕಲ್ಲನ್ನು ಎಳೆದುಕೊಂಡು ಹೋಗುತ್ತದೆ.

ಮಣ್ಣಿಗೆ ಪಾಟರಿ ಟೌನ್ ಹತ್ತಿರವೇ ಇದೆ. ಆದರೆ ಕುಂಬಾರರ ಜೇಡಿಮಣ್ಣು ಒಣಗಿದರೆ ಬಿರಿಯುತ್ತದೆ, ಬಣ್ಣವೂ ಬೇರೆ. ಮಾಮ ಹಿತ್ತಲಿನ ಕೆಂಪುಮಣ್ಣನ್ನೇ ಒಣಗಿಸಿ, ಪುಡಿಮಾಡಿ, ಬಟ್ಟೆಯಲ್ಲಿ ಸೋಸಿದರು. ಅದನ್ನು ಕಾಗದದ ಮೇಲೆ ತೆಳ್ಳಗೆ ಹರಡಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಅಯಸ್ಕಾಂತವನ್ನು ಮೇಲೆ ಆಡಿಸಿದರು. ಪ್ಲಾಸ್ಟಿಕ್ಕಿನ ತುಂಬ ಕಪ್ಪು ರವೆ ಗಡ್ಡದ ಹಾಗೆ ನಿಂತಿತು.

“ಏನಿದು?”

“ಮಣ್ಣಿನೊಳಗಿನ ಕಬ್ಬಿಣದ ಕಣ. ಎಂಜಿನ್ನಿನ ಮೋಟರಿನಲ್ಲಿ ಅಯಸ್ಕಾಂತ ಇದೆ ನೋಡು, ಗಾಡಿ ಓಡಾಡುವಾಗ ಇದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತೆ. ಈಗಲೇ ತೆಗೆದುಬಿಡಬೇಕು.”

ಸಿಗ್ನಲ್ ವಿಷಯಕ್ಕೆ ಬಂದಾಗ ಮಾಮ ಯಾರ ಮಾತನ್ನೂ ಕೇಳಲು ತಯಾರಿರಲಿಲ್ಲ. ಅವರಿಗೆ ಬೇಕಾದದ್ದು ಕೈಮರ: ಅಡ್ಡವಾಗಿದ್ದರೆ ನಿಲ್ಲು, ಕೆಳಗಿಳಿದರೆ ಹೊರಡು. ಎಸ್.ಪಿ. ರೋಡಿನಲ್ಲಿ ಸಿಗುವ ಪುಟ್ಟ ಸರ್ವೊ ಮೋಟರು ಒಂದೊಂದು ಕೈಮರಕ್ಕೆ ಒಂದು, ನಡೆಸಲು ಒಂದು ಆರ್ಡುಯಿನೊ ಬೋರ್ಡು. ಇಷ್ಟಕ್ಕೆ ಅವಳ ತಕರಾರಿಲ್ಲ. ಆದರೆ ಮಾಮನಿಗೆ ಇಂಟರ್‌ಲಾಕಿಂಗ್ ಕೂಡ ಬೇಕು. ಪಾಯಿಂಟ್ ಸರಿಯಾದ ಕಡೆಗೆ ತಿರುಗಿ ಕೂತಿಲ್ಲದಿದ್ದರೆ ಸಿಗ್ನಲ್ಲಿನ ಲಿವರ್ ಎಳೆದರೂ ಬರಬಾರದು. ಸಿಗ್ನಲ್ ಇಳಿದ ಮೇಲೆ ಆ ಪಾಯಿಂಟನ್ನು ಯಾರೂ ಅಲುಗಾಡಿಸುವಂತಿರಬಾರದು. ಎದುರುಬದುರಾಗುವ ಎರಡು ದಾರಿಗೆ ಒಟ್ಟಿಗೆ ಸಿಗ್ನಲ್ ಸಿಗಬಾರದು.

“ನೋಡುವವರಿಗೆ ಇದು ಕಾಣೋದೇ ಇಲ್ಲವಲ್ಲ ಮಾಮ. ಅಷ್ಟು ತಂತಿ, ಅಷ್ಟು ಪ್ರೋಗ್ರಾಮ್, ಯಾರಿಗಾಗಿ?”

“ಕಾಣಲ್ಲ. ಅಸಲಿ ಸ್ಟೇಷನ್ನಿನಲ್ಲೂ ಪ್ರಯಾಣಿಕರಿಗೆ ಕಾಣಲ್ಲ. ಆದರೆ ಅದಿಲ್ಲದೆ ಅಲ್ಲಿ ಒಂದು ಗಾಡಿಯನ್ನೂ ಒಳಗೆ ಬಿಡಲ್ಲ. ನೀನು ಕಟ್ಟಡಕ್ಕೆ ಪಾಯ ಹಾಕದೆ ಗೋಡೆ ಎಬ್ಬಿಸುತ್ತೀಯಾ?”

ಇಲ್ಲಿ ಮಾಮನ ಪರವಾಗಿಯೇ ನಿಲ್ಲಬೇಕಾಗುತ್ತದೆ. ಕಟ್ಟಡ, ಬಣ್ಣ, ಮರ ಎಷ್ಟೇ ನಿಖರವಾಗಿರಲಿ, ಗಾಡಿಗಳು ಮನಸ್ಸು ಬಂದ ಹಾಗೆ ನುಗ್ಗಿದರೆ ಅದು ರೈಲ್ವೆಯ ಚಿತ್ರವಷ್ಟೇ. ಹೋಂ ಸಿಗ್ನಲ್ಲಿನ ಹೊರಗೆ ಗೂಡ್ಸ್ ಗಾಡಿ ಕಾದು ನಿಲ್ಲಬೇಕು, ಮೇಲ್ ದಾಟಬೇಕು, ಆಮೇಲೆ ಅದಕ್ಕೆ ದಾರಿ ಸಿಗಬೇಕು. ಆ ಕಾಯುವಿಕೆಯೇ ದಾರಿಯ ನಡವಳಿಕೆ. ಲಿವರುಗಳ ಸಾಲಿನ ಮುಂದೆ ಅರ್ಧ ಗಂಟೆ ಕೂತ ಮೇಲೆ ಅವಳೇ ಮೊದಲು ಪಾಯಿಂಟ್, ಆಮೇಲೆ ಸಿಗ್ನಲ್ ಎಂದು ಗೊಣಗಿಕೊಳ್ಳುತ್ತ ಎಳೆಯತೊಡಗಿದಳು. ತಪ್ಪಿ ಎಳೆದಾಗ ಲಿವರ್ ಅಲ್ಲಾಡಲಿಲ್ಲ. ಮಾಮನ ಮುಖ ಅರಳಿತು.

ಅವಳಿಗೆ ಸೋಲಲು ಮನಸ್ಸಿಲ್ಲದ ಇನ್ನೊಂದು ಕೆಲಸ ನಾಮಫಲಕ. ಹಳದಿ ಹಲಗೆ, ಕಪ್ಪು ಅಕ್ಷರ. ಅಸಲಿನ 30 ಸೆಂಟಿಮೀಟರ್ ಅಕ್ಷರ ಇಲ್ಲಿ ಮೂರು ಮಿಲಿಮೀಟರ್. ‘ದಂಡು’ ಸುಲಭವಾಗಿ ಕೂತಿತು. ‘ಕೃಷ್ಣರಾಜಪುರ’ದ ವಟ್ರಸುಳಿ, ಷಕಾರದ ಕೆಳಗಿನ ಣ ಒತ್ತು, ಎರಡೂ ಒಂದು ಮಿಲಿಮೀಟರಿಗಿಂತ ಸಣ್ಣವಾಗಿ ಮಸಿ ಕಟ್ಟಿಕೊಂಡು ಮುದ್ದೆಯಾದವು. ಪ್ರಿಂಟರಿನಲ್ಲಿ ದಪ್ಪ ಅಕ್ಷರ ಬಿಟ್ಟು ತೆಳುವಾದದ್ದನ್ನು ಆರಿಸಿ, ಸುಳಿಯ ಒಳಗಿನ ಖಾಲಿಯನ್ನು ತುಸು ಹಿಗ್ಗಿಸಿ ಮತ್ತೆ ತೆಗೆದ ಮೇಲೆ ಓದಲು ಬಂತು.

ವರ್ಷದ ಜಗಳ ಕೊನೆಗೆ ಹಲಗೆಯ ಲೆಕ್ಕದಲ್ಲಿ ಬಗೆಹರಿಯಿತು. ಇಡೀ ಹಾಸನ್ನು ಒಂದೇ ಮೇಜಾಗಿ ಕಟ್ಟದೆ, ಬೇರೆಬೇರೆ ಹಲಗೆಗಳಾಗಿ ಕಟ್ಟಿ ಬೋಲ್ಟಿನಲ್ಲಿ ಜೋಡಿಸುವುದು ಹಳೆಯ ರೂಢಿ. ಹಲಗೆಯ ಎರಡೂ ತುದಿಯಲ್ಲಿ ಹಳಿ, ವೈರು ಒಂದೇ ಜಾಗದಲ್ಲಿ ಬರುವಂತಿದ್ದರೆ ಒಂದನ್ನು ತೆಗೆದು ಇನ್ನೊಂದನ್ನು ಕೂರಿಸಬಹುದು.

“ಕೆ.ಆರ್. ಪುರಕ್ಕೆ ಎರಡು ಹಲಗೆ ಮಾಡೋಣ,” ಎಂದಳು. “ಒಂದು ನಿಮ್ಮದು, ತಂತಿ ಇಲ್ಲದ್ದು. ಇನ್ನೊಂದು ನನ್ನದು, ತೂಗುಸೇತುವೆ ಇರುವುದು.”

“ದಂಡಿನಲ್ಲಿ ವಿದ್ಯುತ್ ಕಂಬ ಇಲ್ಲದೆ ಕೆ.ಆರ್. ಪುರದಲ್ಲಿ ಮಾತ್ರ ಇದ್ದರೆ ಹೇಗೆ?”

“ದಂಡು, ಈಸ್ಟ್ ಎರಡರಲ್ಲೂ ಕಂಬದ ಜಾಗಕ್ಕೆ ಸಣ್ಣ ಹಿತ್ತಾಳೆ ಕೊಳವೆ ಹೂಳೋಣ. ಬೇಕಾದಾಗ ಕಂಬ ಸಿಕ್ಕಿಸೋದು, ಬೇಡವಾದಾಗ ಎತ್ತಿಡೋದು. ಬೋಗಿಗಳೂ ಎರಡು ಸೆಟ್.”

“ನಿನ್ನ ಮೆಟ್ರೊ?”

“ಅದರ ಹಳಿ ಈ ಅಳತೆಯಲ್ಲಿ 14.35 ಬರುತ್ತೆ. ಓಡಿಸೋಕೆ ಆಗಲ್ಲ, ನಿಲ್ಲಿಸಿಡ್ತೀನಿ.”

ಮಾಮ ಒಪ್ಪಿದರು, ಒಂದು ಷರತ್ತಿನ ಮೇಲೆ: ಒಂದು ದಿನದ ಓಡಾಟದಲ್ಲಿ ಎರಡು ಕಾಲವನ್ನು ಬೆರೆಸುವ ಹಾಗಿಲ್ಲ.

ಉಳಿದದ್ದು ನೋಡುವವರು ನಿಲ್ಲುವ ಜಾಗ. ಇದು ಸಣ್ಣ ವಿಷಯವಲ್ಲ. ಇಡೀ ನಕ್ಷೆ ಇದರ ಮೇಲೆ ತಿರುಗುತ್ತದೆ. ವಸಂತನಗರದ ಕಡೆಯಿಂದ, ಉತ್ತರಕ್ಕೆ ಮುಖಮಾಡಿ ನೋಡಿದರೆ ಮದ್ರಾಸ್ ದಿಕ್ಕು ಬಲಕ್ಕೆ. ಬೆನ್ಸನ್ ಟೌನಿನ ಕಡೆಯಿಂದ ನೋಡಿದರೆ ಎಡಕ್ಕೆ. “ನಾವು ಈ ಕಡೆಯವರು, ಈ ಕಡೆಯಿಂದಲೇ ನೋಡೋಣ,” ಎಂದಳು ಅವಳು. ಹಾಗಾದರೆ ದಂಡು ಉದ್ದನೆಯ ಗೋಡೆಗೆ, ಈಸ್ಟ್ ಎಡಗೋಡೆಗೆ, ಕೆ.ಆರ್. ಪುರ ಅದರಾಚೆಯ ಗೋಡೆಗೆ ಬರುತ್ತದೆ. ಕೋಣೆಯ ಬಾಗಿಲು ಇರುವುದೂ ಆ ಗೋಡೆಯಲ್ಲೇ. ಹಲಗೆ ಬಾಗಿಲಿಗೆ ಅಡ್ಡ ಬರುತ್ತದೆ. ಎತ್ತಿಡಬಹುದಾದ ಹಲಗೆ ಹೇಗೂ ಅದೇ ಆಗಿರುವುದರಿಂದ, ಬಾಗಿಲ ಎರಡೂ ಬದಿಗೆ ಕಬ್ಬಿಣದ ಕೋನಪಟ್ಟಿ ಹೊಡೆದು ಮೇಲೆ ಕೂರಿಸಿದರಾಯಿತು ಎಂದು ಮಾಮ ಟೇಪ್ ಬಿಚ್ಚಿದರು. ಬಾಗಿಲು ಮೂರಡಿ, ಹಲಗೆ ಆರಡಿ. ಪ್ಲೈವುಡ್ ಹನ್ನೆರಡು ಮಿಲಿಮೀಟರಿನದು ಸಾಕೋ, ಹದಿನೆಂಟರದು ಬೇಕೋ ಎಂಬ ಮಾತು ಅಲ್ಲಿಂದ ಶುರುವಾಯಿತು.